ಬಾರ್ಕೂರಿಗೆ ಬಂದಿದ್ದ ದಿಲ್ಲಿಯ ಖಾಝಿ: ಸುಲ್ತಾನನ ಸಂಬಳದಲ್ಲಿ ನ್ಯಾಯ ಹೇಳುವುದು ಹೇಗೆ?

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ನಾನು ಅಂಬಲಪಾಡಿಯಿಂದ ಮಾತಾಡ್ತಾ ಇದ್ದೇನೆ. ಹೆದ್ದಾರಿ ಪಕ್ಕದ ಮನೆ, ಹಾಗಾಗಿ ನಡುವೆ ಲಾರಿ ಹಾರನ್ ಕೇಳಿದ್ರೆ ಕ್ಷಮಿಸಬೇಕು.

ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ನಮ್ಮ ಕರಾವಳಿಯಲ್ಲಿ ರಂಝಾನ್ ಮುಗಿಯುವ ಸಂಜೆ ಎಲ್ಲರೂ ಒಂದು ಸುದ್ದಿಗೆ ಕಾಯ್ತೇವೆ: ಚಂದ್ರದರ್ಶನ ಆಯ್ತಾ, ನಾಳೆ ಹಬ್ಬವಾ ಅಂತ. ಅದನ್ನು ಘೋಷಿಸುವವರು ಖಾಝಿಯವರು. ಹಿಂದೂ, ಕ್ರಿಶ್ಚಿಯನ್ ಮನೆಗಳಲ್ಲೂ ಈ ಶಬ್ದ ಗೊತ್ತುಂಟು, ರಜೆ ಯಾವತ್ತು ಅಂತ ತಿಳಿಯಬೇಕಲ್ಲ! ಅವರ ಪ್ರಶ್ನೆ ಏನಂದ್ರೆ, ಖಾಝಿ ಅಂದ್ರೆ ನ್ಯಾಯಾಧೀಶ ಅಂತ ನಿಘಂಟಿನಲ್ಲಿ ಉಂಟು. ಹಾಗಾದ್ರೆ ಹಿಂದೆ ಅವರು ನಿಜವಾಗಿ ಕೋರ್ಟು ನಡೆಸ್ತಿದ್ರಾ? ರಾಜನ ಮೇಲೇ ಕೇಸು ಬಂದ್ರೆ ಏನು ಮಾಡ್ತಿದ್ರು?

ಒಳ್ಳೆ ಪ್ರಶ್ನೆ. ಉತ್ತರ ಹುಡುಕಲಿಕ್ಕೆ ನಾವು ಬಾಗ್ದಾದಿಗೆ ಹೋಗಬೇಕಾಗಿಲ್ಲ. ನನ್ನ ಮನೆಯಿಂದ ಅರ್ಧ ಗಂಟೆಯ ದಾರಿ ಸಾಕು. ಅಂಬಲಪಾಡಿಯಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೆ ಹೊರಟು, ಸಂತೆಕಟ್ಟೆ ದಾಟಿ, ಕಲ್ಯಾಣಪುರದ ಸೇತುವೆ ದಾಟಿ, ಬ್ರಹ್ಮಾವರದಲ್ಲಿ ಬಲಕ್ಕೆ ತಿರುಗಿದರೆ ಬಾರ್ಕೂರು. ಸುಮಾರು 1342ರಲ್ಲಿ ಈ ಬಾರ್ಕೂರಿನ ಹೊಳೆಬಾಯಿಯಲ್ಲಿ ಒಂದು ಹಡಗು ನಿಂತಿತ್ತು. ಅದರಲ್ಲಿ ಇದ್ದವನು ಕೆಲವೇ ಸಮಯದ ಹಿಂದಿನವರೆಗೆ ದಿಲ್ಲಿಯ ಖಾಝಿ. ಮುಂದೆ ಮಾಲ್ಡೀವ್ಸ್‌ನ ಪ್ರಧಾನ ಖಾಝಿ ಆಗುವವನು. ಹೆಸರು ಇಬ್ನ್ ಬತೂತ.

ಯಾತ್ರಿಕ ಅಲ್ಲ, ಕಸುಬಿನಲ್ಲಿ ಖಾಝಿ

ನಮ್ಮ ಶಾಲೆಯ ಪಾಠದಲ್ಲಿ ಇಬ್ನ್ ಬತೂತ ಅಂದ್ರೆ 'ಮೊರೊಕ್ಕೋದ ಪ್ರವಾಸಿ', ಒಂದು ಅಂಕದ ಪ್ರಶ್ನೆ. ಆದರೆ ಅವನ ಮನೆತನದ ಕಸುಬು ಬೇರೆ. 1304ರಲ್ಲಿ ಮೊರೊಕ್ಕೋದ ಟ್ಯಾಂಜಿಯರ್‌ನಲ್ಲಿ ಹುಟ್ಟಿದ, ಖಾಝಿಗಳ ಮನೆತನದಲ್ಲಿ. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿನಲ್ಲಿ ಮೆಕ್ಕಾ ಯಾತ್ರೆಗೆಂದು ಹೊರಟವನು ಇಪ್ಪತ್ತನಾಲ್ಕು ವರ್ಷ ಊರಿಗೆ ಹಿಂದಿರುಗಲಿಲ್ಲ. ಕಿಸೆಯಲ್ಲಿ ದುಡ್ಡಿಲ್ಲದೆ ಅಷ್ಟು ವರ್ಷ ತಿರುಗುವುದು ಹೇಗೆ ಸಾಧ್ಯ ಆಯ್ತು? ಅವನ ಹತ್ರ ಒಂದು ವಿದ್ಯೆ ಇತ್ತು, ಷರೀಅತ್ ಕಾನೂನು. ಇವತ್ತು ನಮ್ಮ ನರ್ಸುಗಳಿಗೆ, ಎಂಜಿನಿಯರುಗಳಿಗೆ ದುಬೈ, ಕುವೈತಲ್ಲಿ ಕೆಲಸ ಸಿಗ್ತದಲ್ಲ, ಹಾಗೆಯೇ. ಮೊರೊಕ್ಕೋದಿಂದ ಮಲಬಾರಿನವರೆಗೆ ಒಂದೇ ಕಾನೂನಿನ ಗ್ರಂಥಗಳು, ಒಂದೇ ಅರಬ್ಬಿ ಭಾಷೆ. ಓದಿದವನಿಗೆ ಎಲ್ಲಿ ಹೋದರೂ ಅನ್ನ ಉಂಟು.

ಇಲ್ಲಿ ಸ್ವಲ್ಪ ಹಿನ್ನೆಲೆ ಹೇಳ್ತೇನೆ. ಖಾಝಿ ಅನ್ನುವ ಹುದ್ದೆ ಇಸ್ಲಾಮಿನ ಮೊದಲ ಶತಮಾನದಿಂದಲೇ ಉಂಟು. 'ಖಾಝಿಗಳ ಖಾಝಿ', ಅಂದ್ರೆ ಪ್ರಧಾನ ನ್ಯಾಯಾಧೀಶ ಅನ್ನುವ ಹುದ್ದೆ ಬಂದದ್ದು ಬಾಗ್ದಾದಿನ ಅಬ್ಬಾಸಿ ಖಲೀಫ ಹಾರೂನ್ ಅಲ್ ರಶೀದನ ಕಾಲದಲ್ಲಿ. ಮೊದಲು ಅದರಲ್ಲಿ ಕೂತವರು ಅಬೂ ಯೂಸುಫ್, 798ರಲ್ಲಿ ತೀರಿಕೊಂಡರು. ತಮಾಷೆ ನೋಡಿ, ಅವರ ಗುರು ಅಬೂ ಹನೀಫ ಖಾಝಿ ಹುದ್ದೆಯನ್ನೇ ನಿರಾಕರಿಸಿದವರು. ಖಲೀಫ ಒತ್ತಾಯ ಮಾಡಿದರೂ ಒಪ್ಪಲಿಲ್ಲ, ಅದಕ್ಕಾಗಿ ಸೆರೆಮನೆಗೂ ಹೋದರು ಅಂತ ಪರಂಪರೆ ಹೇಳ್ತದೆ. ಗುರು ಬೇಡ ಅಂದ ಕುರ್ಚಿಯಲ್ಲಿ ಶಿಷ್ಯ ಕೂತ. ಇಬ್ಬರ ಬಗ್ಗೆಯೂ ಮುಸ್ಲಿಂ ವಿದ್ವಾಂಸರಿಗೆ ಗೌರವ ಉಂಟು. ಯಾಕೆಂದ್ರೆ ಇಬ್ಬರ ಮುಂದೆಯೂ ಇದ್ದದ್ದು ಒಂದೇ ಸಂಕಟ: ರಾಜನ ಸಂಬಳ ತಗೊಂಡು ದೇವರ ಕಾನೂನು ಹೇಳುವುದು ಹೇಗೆ?

ಹನ್ನೆರಡು ಸಾವಿರ ದೀನಾರದ ಕೆಲಸ

ಈಗ ದಿಲ್ಲಿಗೆ ಬರುವ. ಸುಲ್ತಾನ ಮುಹಮ್ಮದ್ ಬಿನ್ ತುಘಲಕ್, ಆಳ್ವಿಕೆ 1325ರಿಂದ 1351. ಕನ್ನಡದವರಿಗೆ ಇವನ ಪರಿಚಯ ಹೇಳಬೇಕಾಗಿಲ್ಲ, ಗಿರೀಶ ಕಾರ್ನಾಡರ 'ತುಘಲಕ್' ನಾಟಕ 1964ರಿಂದ ನಮ್ಮ ಜೊತೆ ಉಂಟು. ವಿದೇಶಿ ವಿದ್ವಾಂಸರಿಗೆ ಕೈತುಂಬ ಕೊಡ್ತಾನೆ ಅಂತ ಅವನ ಹೆಸರು ದೂರ ದೂರ ಹಬ್ಬಿತ್ತು. ಇಬ್ನ್ ಬತೂತ 1333ರಲ್ಲಿ ಸಿಂಧೂ ನದಿ ತಲುಪಿದ, ಮರುವರ್ಷ ದಿಲ್ಲಿ ಸೇರಿದ.

ಸುಲ್ತಾನನ ಕಡೆಯಿಂದ ಕೇಳ್ತಾರೆ, ನಿಮ್ಮಲ್ಲಿ ಯಾರಿಗೆ ಯಾವ ಕೆಲಸ ಬೇಕು? ಮಂತ್ರಿಗಿರಿ, ಬರವಣಿಗೆ ನನ್ನ ಕಸುಬಲ್ಲ, ಖಾಝಿ ಕೆಲಸ ನನ್ನದೂ ನನ್ನ ಹಿರಿಯರದೂ ಕಸುಬು, ಅಂದನಂತೆ ಇವನು. ದಿಲ್ಲಿಯ ಖಾಝಿ ಹುದ್ದೆ ಸಿಕ್ಕಿತು. ಸಂಬಳ ವರ್ಷಕ್ಕೆ 12,000 ದೀನಾರ, ಕೈಗೆ ಮುಂಗಡವಾಗಿ ಇನ್ನೂ 12,000.

ಆದರೆ ಎರಡು ತೊಂದರೆ. ಒಂದು, ಇವನು ಮಾಲಿಕಿ ಪಂಥದ ಕಾನೂನು ಓದಿದವನು, ದಿಲ್ಲಿಯಲ್ಲಿ ನಡೆಯುವುದು ಹನಫಿ ಪಂಥದ್ದು. ಎರಡು, ಇವನಿಗೆ ಅಲ್ಲಿನ ಜನರ ಭಾಷೆ ಬರುವುದಿಲ್ಲ! ಇದನ್ನು ಇವನೇ ಸುಲ್ತಾನನಿಗೆ ಹೇಳಿದ. ಸುಲ್ತಾನ ಇಬ್ಬರು ಸಹಾಯಕರನ್ನು ಕೊಟ್ಟ, ಅವರು ಕೆಲಸ ನೋಡ್ಲಿ, ನೀನು ಮೊಹರು ಹಾಕು ಅಂದ. ಯೋಚನೆ ಮಾಡಿ ಮಾರಾಯ್ರೇ, ಫಿರ್ಯಾದಿ ಹೇಳಿದ್ದು ಅರ್ಥವಾಗದ ನ್ಯಾಯಾಧೀಶ. ಇವನ ದೊಡ್ಡ ಪುಸ್ತಕದಲ್ಲಿ ದಿಲ್ಲಿಯ ತೀರ್ಪುಗಳ ಬಗ್ಗೆ ಇರುವುದಕ್ಕಿಂತ ಹೆಚ್ಚು ಇವನ ಸಾಲದ ಬಗ್ಗೆ ಉಂಟು. ದರ್ಬಾರಿನ ಮಟ್ಟಕ್ಕೆ ಬದುಕಲು ಹೋಗಿ ಸಾಲ 55,000 ದೀನಾರಕ್ಕೆ ಏರಿತು. ಕೊನೆಗೆ ಸುಲ್ತಾನನನ್ನು ಹೊಗಳಿ ಅರಬ್ಬಿ ಪದ್ಯ ಬರೆದು, ಅವನ ಖಜಾನೆಯಿಂದಲೇ ಸಾಲ ತೀರಿಸಿಕೊಂಡ. ಅದರ ಮೇಲೆ ಸುಲ್ತಾನ್ ಕುತುಬುದ್ದೀನನ ಸಮಾಧಿಯ ಉಸ್ತುವಾರಿಯನ್ನೂ ಕೊಟ್ಟರು, ಅಲ್ಲಿ 460 ಜನ ಸಿಬ್ಬಂದಿ.

ಸಾಮ್ರಾಜ್ಯಕ್ಕೆಲ್ಲ ಮೇಲಿನ ಪ್ರಧಾನ ಖಾಝಿ ಬೇರೆ ಇದ್ದರು, ಘಜ್ನಿ ಕಡೆಯ ಕಮಾಲುದ್ದೀನ್. ಅವರ ಬಿರುದು ಸದ್ರ್ ಎ ಜಹಾನ್. ಅವರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರ್ತದೆ.

ಖಾಝಿ ಮಾಡ್ತಿದ್ದ ಕೆಲಸ ಏನು?

ನಾವು ಸಿನಿಮಾ ನೋಡಿ ಖಾಝಿ ಅಂದ್ರೆ ಬರೀ ಶಿಕ್ಷೆ ಕೊಡುವವ ಅಂದುಕೊಂಡಿದ್ದೇವೆ. ನಿಜವಾಗಿ ಅವರ ದಿನದ ಹೆಚ್ಚಿನ ಹೊತ್ತು ಹೋಗ್ತಿದ್ದದ್ದು ಮದುವೆ, ತಲಾಖು, ಆಸ್ತಿ ಪಾಲು, ಸಾಲ, ಅನಾಥ ಮಕ್ಕಳ ಸೊತ್ತು, ವಕ್ಫ್ ಜಾಗ ಇಂಥದ್ದರಲ್ಲಿ. ನಮ್ಮ ಸಿವಿಲ್ ಕೋರ್ಟು ಇದ್ದ ಹಾಗೆ. ಲಿಖಿತ ಪತ್ರಕ್ಕಿಂತ ಸಾಕ್ಷಿಯ ಬಾಯಿಮಾತಿಗೆ ಬೆಲೆ, ಹಾಗಾಗಿ ಸಾಕ್ಷಿ ನಂಬಿಕಸ್ಥನೋ ಅಲ್ಲವೋ ಅಂತ ತೂಗುವುದೇ ದೊಡ್ಡ ಕೆಲಸ. ದಂಗೆ, ರಾಜದ್ರೋಹ, ತೆರಿಗೆ ಇವೆಲ್ಲ ಸುಲ್ತಾನನ ಅಧಿಕಾರಿಗಳ ಕೈಯಲ್ಲಿ.

ಅದರ ಜೊತೆಗೆ ಸುಲ್ತಾನನೇ ಸೋಮವಾರ ಮತ್ತು ಗುರುವಾರ ದೂರು ಕೇಳಲು ಕೂರ್ತಿದ್ದ. ನಾಲ್ಕು ಬಾಗಿಲಲ್ಲಿ ನಾಲ್ಕು ಅಮೀರರು ಅರ್ಜಿ ತಗೊಳ್ಳಲಿಕ್ಕೆ. ಮೊದಲನೆಯವ ತಗೊಳ್ಳದಿದ್ರೆ ಎರಡನೆಯವ, ಹೀಗೆ ನಾಲ್ವರೂ ತಗೊಳ್ಳದಿದ್ರೆ ಸದ್ರ್ ಎ ಜಹಾನ್, ಅವರೂ ತಗೊಳ್ಳದಿದ್ರೆ ನೇರ ಸುಲ್ತಾನ. ದೊಡ್ಡ ಅಮೀರರ ಮೇಲೆ ದೂರು ಇದ್ದರೆ ಸುಲ್ತಾನನ ತಮ್ಮ ಮುಬಾರಕ್ ಖಾನ್ ಪ್ರಧಾನ ಖಾಝಿಯ ಪಕ್ಕದಲ್ಲೇ ಕೂರ್ತಿದ್ದ. ಯಾಕೆ? ಖಾಝಿಗೆ ಸೈನ್ಯ ಇಲ್ಲ. ತೀರ್ಪು ಬರೆಯಬಹುದು, ಆದರೆ ಅಮೀರನನ್ನು ಮನೆಯಿಂದ ಎಳೆದು ತರುವ ಆಳುಗಳು ರಾಜಮನೆತನದವರ ಹತ್ರ ಮಾತ್ರ. ಖಾಝಿಯ ಬಲ ಎಷ್ಟು, ಮಿತಿ ಎಷ್ಟು, ಎರಡೂ ಇದರಲ್ಲಿ ಕಾಣ್ತದೆ.

ಒಂದು ಮಾತು ನಡುವೆ. ನಮ್ಮ ಕನ್ನಡದ ಕೋರ್ಟು ಭಾಷೆ ಗಮನಿಸಿ: ವಕೀಲ, ಅರ್ಜಿ, ಫಿರ್ಯಾದಿ, ಜಾಮೀನು, ಜಪ್ತಿ, ರಾಜಿ, ಕಾನೂನು, ಅದಾಲತ್. ಎಲ್ಲವೂ ಅರಬ್ಬಿ, ಪಾರಸಿಯಿಂದ ಬಂದವು. 'ಹಕ್ಕು' ಕೂಡ ಅರಬ್ಬಿಯೇ. ಖಾಝಿಯ ಕೋರ್ಟು ಹೋದರೂ ಅದರ ಮಾತು ನಮ್ಮ ತಾಲೂಕು ಕಚೇರಿಯಲ್ಲಿ ಉಳಿದಿದೆ.

ಒಂದೇ ಸುಲ್ತಾನ, ಎರಡು ಘಟನೆ

ಈಗ ಪ್ರಶ್ನೆಗೆ ಬರುವ. ರಾಜನ ಮೇಲೇ ಕೇಸು ಬಂದ್ರೆ?

ಇಬ್ನ್ ಬತೂತ ಹೇಳುವ ಮೊದಲ ಘಟನೆ. ಒಬ್ಬ ಹಿಂದೂ ಸರದಾರ ಖಾಝಿಯ ಹತ್ರ ದೂರು ಕೊಡ್ತಾನೆ, ಸುಲ್ತಾನ ನನ್ನ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಕಾರಣವಿಲ್ಲದೆ ಕೊಂದಿದ್ದಾನೆ ಅಂತ. ಸುಲ್ತಾನ ನಡೆದುಕೊಂಡು, ಆಯುಧವಿಲ್ಲದೆ ಖಾಝಿಯ ಕೋರ್ಟಿಗೆ ಬಂದ. ನಾನು ಬಂದಾಗ ಎದ್ದು ನಿಲ್ಲಬೇಡಿ ಅಂತ ಮೊದಲೇ ಹೇಳಿ ಕಳಿಸಿದ್ದ. ಬಂದು ಸಲಾಂ ಹೇಳಿ, ಆರೋಪಿಯ ಜಾಗದಲ್ಲಿ ನಿಂತ. ದೂರುದಾರನಿಗೆ ಪರಿಹಾರ ಕೊಟ್ಟು ಸಮಾಧಾನ ಮಾಡಬೇಕು ಅಂತ ತೀರ್ಪಾಯ್ತು, ಕೊಟ್ಟ. ಇನ್ನೊಮ್ಮೆ ಒಬ್ಬ ಹುಡುಗ, ಸುಲ್ತಾನ ನನಗೆ ಸುಮ್ಮನೆ ಹೊಡೆದ ಅಂತ ದೂರು ಕೊಟ್ಟ. ಸುಲ್ತಾನ ಹುಡುಗನ ಕೈಗೆ ಕೋಲು ಕೊಟ್ಟು, ನಾನು ಹೊಡೆದ ಹಾಗೆ ನೀನೂ ಹೊಡಿ ಅಂದ. ಹುಡುಗ 21 ಏಟು ಹೊಡೆದ, ಸುಲ್ತಾನನ ಟೋಪಿ ಹಾರಿ ಬಿತ್ತು, ಇದನ್ನು ನಾನು ಕಣ್ಣಾರೆ ನೋಡಿದೆ ಅಂತಾನೆ ಇಬ್ನ್ ಬತೂತ.

ಕೇಳಲಿಕ್ಕೆ ಚಂದ ಉಂಟು. ಇನ್ನೊಂದು ಘಟನೆ ಕೇಳಿ.

ದಿಲ್ಲಿಯಲ್ಲಿ ಶೇಖ್ ಶಿಹಾಬುದ್ದೀನ್ ಅಂತ ಒಬ್ಬ ಹಿರಿಯ ಸಂತ. ಸುಲ್ತಾನನ ಚಾಕರಿ ಮಾಡುವುದಿಲ್ಲ ಅಂತ ಹಟ. ಹಿಂದೊಮ್ಮೆ ಅದಕ್ಕೆ ಅವರ ಗಡ್ಡ ಕೀಳಿಸಿದ್ದ ಸುಲ್ತಾನ. ಆಮೇಲೆ ಅವರು ದಿಲ್ಲಿಯ ಹೊರಗೆ ನೆಲದಡಿ ಗುಹೆಯಂಥ ಮನೆ ಮಾಡಿಕೊಂಡಿದ್ದರು. ಮತ್ತೆ ಕರೆ ಬಂತು. ಅನ್ಯಾಯ ಮಾಡುವವನ ಸೇವೆ ನಾನು ಮಾಡೆ ಅಂದುಬಿಟ್ಟರು. ಎಳೆದು ತಂದರು. ಸುಲ್ತಾನ ತನ್ನ ಕತ್ತಿ ತೆಗೆದು ಸದ್ರ್ ಎ ಜಹಾನ್ ಕೈಗೆ ಕೊಟ್ಟ: ನಾನು ಅನ್ಯಾಯಗಾರ ಅಂತ ಸಾಬೀತು ಮಾಡಿ, ಆಮೇಲೆ ಇದರಿಂದಲೇ ನನ್ನ ತಲೆ ಕಡಿಯಿರಿ. ಶೇಖ್ ಹೇಳಿದ್ದು ಇಷ್ಟು: ಅದಕ್ಕೆ ಸಾಕ್ಷಿ ಹೇಳಿದವನು ಬದುಕಿ ಉಳಿಯುವುದಿಲ್ಲ, ಆದರೆ ನಿನ್ನ ಅನ್ಯಾಯ ನಿನಗೇ ಗೊತ್ತು.

ಇಲ್ಲಿ ಸ್ವಲ್ಪ ನಿಲ್ಲುವ. ಮೊದಲ ಕೇಸಿನಲ್ಲೂ ಸುಲ್ತಾನ ಕಾನೂನಿಗೆ ತಲೆಬಾಗಿದ, ಎರಡನೆಯದರಲ್ಲೂ ಬಾಯಲ್ಲಿ ಅದನ್ನೇ ಹೇಳ್ತಾ ಇದ್ದಾನೆ. ಕತ್ತಿ ಪ್ರಧಾನ ಖಾಝಿಯ ಕೈಯಲ್ಲೇ ಉಂಟು. ಕಾನೂನಿನಲ್ಲಿ ಏನೂ ಕಡಿಮೆ ಇಲ್ಲ. ಇಲ್ಲದ್ದು ಒಂದೇ, ಸಾಕ್ಷಿ. ಸಾಕ್ಷಿ ಹೇಳಲು ಹೆದರುವ ಊರಿನಲ್ಲಿ ಎಂಥ ಒಳ್ಳೆ ಖಾಝಿ ಇದ್ದರೂ ಕೈ ಕಟ್ಟಿದ ಹಾಗೆಯೇ. ಶೇಖರಿಗೆ ಹಿಂಸೆ ಕೊಟ್ಟು, ಕೊನೆಗೆ ತಲೆ ಕಡಿದರು.

ಕಾರ್ನಾಡರ ನಾಟಕ ನೋಡಿದವರಿಗೆ ನೆನಪಿರಬಹುದು, ಅದು ಶುರುವಾಗುವುದೇ ಖಾಝಿಯ ಕೋರ್ಟಿನ ಹೊರಗೆ, ಸುಲ್ತಾನನ ವಿರುದ್ಧ ತೀರ್ಪು ಬಂದ ಸುದ್ದಿಯಿಂದ. ಆ ಕೇಸು ಗೆದ್ದ ಬ್ರಾಹ್ಮಣ ವೇಷದವನು ನಿಜವಾಗಿ ಮೋಸಗಾರ. ರಾಜ ತನ್ನ ಇಷ್ಟಕ್ಕೆ ಸೋತು ತೋರಿಸುವ ನ್ಯಾಯದಲ್ಲಿ ಏನೋ ಟೊಳ್ಳು ಉಂಟು ಅನ್ನುವುದು ಅಲ್ಲಿ ಮೊದಲ ದೃಶ್ಯದಲ್ಲೇ ಬರ್ತದೆ.

ಖಾಝಿಯ ಬಾಗಿಲಿಗೇ ಬಂದ ಭಯ

ನಮ್ಮ ಇಬ್ನ್ ಬತೂತ ಆ ಶೇಖರ ಗುಹೆ ನೋಡಲು ಒಮ್ಮೆ ಹೋಗಿದ್ದ. ಅಷ್ಟೇ ತಪ್ಪು. ಯಾರ್ಯಾರು ಶೇಖರನ್ನು ಭೇಟಿ ಮಾಡಿದ್ರು ಅಂತ ವಿಚಾರಣೆ ನಡೆದಾಗ ಇವನ ಹೆಸರೂ ಬಂತು. ಸುಲ್ತಾನನ ನಾಲ್ಕು ಆಳುಗಳು ಇವನ ಸುತ್ತ ಕಾವಲಿಗೆ ಬಂದರು. ಹಾಗೆ ಕಾವಲು ಬಿದ್ದವರು ಬದುಕುವುದು ಅಪರೂಪ ಅಂತ ಇವನಿಗೆ ಗೊತ್ತಿತ್ತು. ಐದು ದಿನ ಬರೀ ನೀರು ಕುಡಿದು ಉಪವಾಸ, 'ನಮಗೆ ದೇವರೇ ಸಾಕು' ಅನ್ನುವ ಕುರಾನಿನ ಮಾತನ್ನು 33,000 ಸಲ ಜಪಿಸಿದೆ ಅಂತಾನೆ. ಶೇಖರನ್ನು ಕೊಂದ ಮೇಲೆ ಇವನನ್ನು ಬಿಟ್ಟರು.

ವರ್ಷಕ್ಕೆ 12,000 ದೀನಾರ ಸಂಬಳದ ಖಾಝಿ, ಆ ಐದು ದಿನಗಳಲ್ಲಿ ಯಾವ ಕೋರ್ಟಿಗೂ ಅರ್ಜಿ ಹಾಕುವ ಹಾಗಿರಲಿಲ್ಲ. ಹೊರಗೆ ಬಂದವನು ಹುದ್ದೆ ಬಿಟ್ಟ, ಇದ್ದದ್ದನ್ನೆಲ್ಲ ಬಡವರಿಗೆ ಕೊಟ್ಟ, ಒಬ್ಬ ಸಂತನ ಬಳಿ ಐದು ತಿಂಗಳು ಇದ್ದ. ಅಬೂ ಹನೀಫ ಯಾಕೆ ಆ ಕುರ್ಚಿ ಬೇಡ ಅಂದರು ಅಂತ ಅವನಿಗೆ ಆಗ ಅರ್ಥವಾಗಿರಬೇಕು. ಆಮೇಲೆ ಸುಲ್ತಾನ ಮತ್ತೆ ಕರೆಸಿ ಚೀನಾಕ್ಕೆ ರಾಯಭಾರಿಯಾಗಿ ಹೋಗು ಅಂದ. ಹಾಗೆ ಗುಜರಾತಿನ ಗಂಧಾರ್ ಬಂದರಿನಿಂದ ಹಡಗು ಹತ್ತಿ, ಗೋವೆ ದಾಟಿ ನಮ್ಮ ಕಡೆಗೆ ಬಂದ.

ಹೊನ್ನಾವರ, ಬಾರ್ಕೂರು, ಮಂಗಳೂರು

ನಮ್ಮ ಕರಾವಳಿಯ ಬಗ್ಗೆ ಅವನು ಬರೆದದ್ದು ಓದಿದ್ರೆ ಖುಷಿಯಾಗ್ತದೆ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ. ಹೊಲಿಯದ ಬಟ್ಟೆ ಉಟ್ಟು, ಮೂಗಿಗೆ ಚಿನ್ನದ ನತ್ತು ಹಾಕಿದ ಹೆಂಗಸರು, ಅವರಿಗೆ ಕುರಾನ್ ಬಾಯಿಪಾಠ. ಊಟಕ್ಕೆ ಅನ್ನ, ತುಪ್ಪ, ಶುಂಠಿ, ಲಿಂಬೆ, ಮಾವಿನ ಉಪ್ಪಿನಕಾಯಿ. ಮುಂದೊಮ್ಮೆ ಅಲ್ಲಿ ಹನ್ನೊಂದು ತಿಂಗಳು ಇದ್ದೆ, ರೊಟ್ಟಿ ಮುಖ ನೋಡಲಿಲ್ಲ, ಬರೀ ಅನ್ನ ಅಂತಾನೆ ಪಾಪ.

ಬಸ್ರೂರು ದಾಟಿ ಬಾರ್ಕೂರಿಗೆ ಬಂದ. ಅವನ ಬಾಯಲ್ಲಿ ಅದು ಫಾಕನೂರ್. ಇಲ್ಲಿನಷ್ಟು ಒಳ್ಳೆ ಕಬ್ಬು ಆ ಸೀಮೆಯಲ್ಲೇ ಇಲ್ಲ ಅಂತ ಬರೆದಿದ್ದಾನೆ. ಪಕ್ಕದ ಬ್ರಹ್ಮಾವರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ ಇದ್ದದ್ದು, ಅದು ಮುಚ್ಚಿದ್ದು ನಮಗೆ ಗೊತ್ತುಂಟಲ್ಲ! ಊರಿನ ಅರಸನ ಹೆಸರು ವಾಸುದೇವ, ಅವನ ಹತ್ರ ಸುಮಾರು ಮೂವತ್ತು ಯುದ್ಧದ ಹಡಗು, ಅವುಗಳ ನಾಯಕ ಲೂಲಾ ಅನ್ನುವ ಮುಸ್ಲಿಂ. ಕಡಲ್ಗಳ್ಳ, ಕೆಟ್ಟವ ಅಂತ ಇಬ್ನ್ ಬತೂತನೇ ಹೇಳ್ತಾನೆ, ತನ್ನ ಧರ್ಮದವ ಅಂತ ಬಿಡಲಿಲ್ಲ. ಹಾದುಹೋಗುವ ಪ್ರತಿ ಹಡಗೂ ಬಂದರಿಗೆ ಬಂದು ಅರಸನಿಗೆ ಕಾಣಿಕೆ ಕೊಡಬೇಕು, ಅದಕ್ಕೆ 'ಬಂದರಿನ ಹಕ್ಕು' ಅಂತ ಹೆಸರು. ಕೊಡದೆ ಹೋದ್ರೆ ಬೆನ್ನಟ್ಟಿ ಹಿಡಿದು ಎರಡು ಪಟ್ಟು ವಸೂಲಿ.

ನಮ್ಮ ಪ್ರಶ್ನೆಗೆ ಮುಖ್ಯ ಇನ್ನೊಂದು. ಹಿಂದೂ ಅರಸನ ಆ ಬಾರ್ಕೂರಿನಲ್ಲಿ ಮುಸ್ಲಿಂ ವರ್ತಕರ ಸಮುದಾಯಕ್ಕೆ ಒಬ್ಬ ಮುಖಂಡ, ಒಂದು ಜುಮಾ ಮಸೀದಿ, ಒಬ್ಬ ಖಾಝಿ ಇದ್ದರು. ಮಂಗಳೂರಿನಲ್ಲಿ ಅರಸ ರಾಮದೇವ, ಸುಮಾರು 4,000 ಮುಸ್ಲಿಮರು, ಶಾಫಿ ಪಂಥದ ಖಾಝಿ ಬದ್ರುದ್ದೀನ್ ಪಾಠವನ್ನೂ ಹೇಳ್ತಿದ್ದರು. ಊರವರಿಗೂ ವರ್ತಕರಿಗೂ ಆಗಾಗ ಜಗಳ ಆಗ್ತಿತ್ತು, ಆದರೆ ಅರಸನಿಗೆ ವ್ಯಾಪಾರ ಬೇಕು, ಹಾಗಾಗಿ ಅವನೇ ನಡುವೆ ಬಂದು ರಾಜಿ ಮಾಡಿಸ್ತಿದ್ದ. ಅಂದ್ರೆ ಇಲ್ಲಿನ ಖಾಝಿಯ ಹಿಂದೆ ಯಾವ ಸುಲ್ತಾನನ ಕತ್ತಿಯೂ ಇಲ್ಲ. ಸಮುದಾಯ ಒಪ್ಪಿದರೆ ಅವರ ಮಾತು ನಡೀತದೆ, ಇಲ್ಲದಿದ್ರೆ ಇಲ್ಲ. ದಿಲ್ಲಿಯ ಖಾಝಿಗಿಂತ ಇವರಿಗೆ ಅಧಿಕಾರ ಕಡಿಮೆ, ಬಹುಶಃ ನಿದ್ದೆ ಹೆಚ್ಚು.

ಮಾಲ್ಡೀವ್ಸ್‌ನಲ್ಲಿ ಪ್ರಧಾನ ಖಾಝಿ

ಚೀನಾಕ್ಕೆ ಹೊರಟ ಹಡಗುಗಳು ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಒಡೆದವು, ಕಾಣಿಕೆಗಳೆಲ್ಲ ಸಮುದ್ರಪಾಲು. ದಿಲ್ಲಿಗೆ ಹೋಗಿ ಸುಲ್ತಾನನಿಗೆ ಮುಖ ತೋರಿಸುವ ಧೈರ್ಯ ಇಲ್ಲ. ಕೊನೆಗೆ ಮಾಲ್ಡೀವ್ಸ್ ಸೇರಿದ. ಆಗ ಅಲ್ಲಿ ಆಳುತ್ತಿದ್ದವಳು ರಾಣಿ ಖದೀಜ. ಇವನನ್ನು ಪ್ರಧಾನ ಖಾಝಿ ಮಾಡಿದರು.

ಇಲ್ಲಿ ಅವನು ಬೇರೆಯೇ ಮನುಷ್ಯ. ಶುಕ್ರವಾರ ನಮಾಝಿಗೆ ಬಾರದವರಿಗೆ ಶಿಕ್ಷೆ. ತಲಾಖು ಆದ ಮೇಲೂ ಹೆಂಗಸರು ಹಳೆಯ ಗಂಡನ ಮನೆಯಲ್ಲಿ ಇರುವ ಪದ್ಧತಿ ನಿಲ್ಲಿಸಲು ಜನರಿಗೆ ಚಾಟಿ ಏಟು. ಒಮ್ಮೆ ಕಳ್ಳನ ಕೈ ಕಡಿಯಲು ಆಜ್ಞೆ ಮಾಡಿದಾಗ ಕೂತಿದ್ದ ಜನರೇ ಮೂರ್ಛೆ ಹೋದರು. ಹೆಂಗಸರು ಮೈತುಂಬ ಬಟ್ಟೆ ಹಾಕಬೇಕು ಅಂತ ಹೊರಟ, ಯಾರೂ ಕೇಳಲಿಲ್ಲ, ನನ್ನ ಕೋರ್ಟಿಗೆ ಬರುವಾಗಲಾದರೂ ಹಾಕಲಿ ಅನ್ನುವಲ್ಲಿಗೆ ನಿಂತ. ಒಂದು ಕೇಸಿನಲ್ಲಿ ವಜೀರನಿಂದ ಶಿಫಾರಸ್ಸು ಬಂತು, ತಿರಸ್ಕರಿಸಿ ಶಿಕ್ಷೆ ಜಾರಿ ಮಾಡಿಸಿದ. ಜಗಳವಾಗಿ 1344ರಲ್ಲಿ ಹೊರಟು ಹೋದ.

ದಿಲ್ಲಿಯಲ್ಲಿ ಮೊಹರು ಹಾಕುವ ಖಾಝಿ, ಮಾಲ್ಡೀವ್ಸ್‌ನಲ್ಲಿ ವಜೀರನಿಗೂ ಬಗ್ಗದ ಖಾಝಿ. ಮನುಷ್ಯ ಒಬ್ಬನೇ, ಓದಿದ ಕಾನೂನೂ ಒಂದೇ. ಬದಲಾದದ್ದು ಎದುರಿಗೆ ಇದ್ದವರ ಬಲ. ಮೇಲಿನವರಿಗೆ ಹೆದರದೆ ಇದ್ದದ್ದು ಒಳ್ಳೆಯದೇ. ಆದರೆ ಆ ಧೈರ್ಯದ ಏಟು ಹೆಚ್ಚು ಬಿದ್ದದ್ದು ಬೆಸ್ತರಂಥ ಸಾಮಾನ್ಯ ಜನರ ಬೆನ್ನಿಗೆ, ಅದನ್ನೂ ಹೇಳಬೇಕು.

ಅವನು ಊರಿಗೆ ಮರಳಿ, ಫೆಝ್ ನಗರದಲ್ಲಿ ತನ್ನ ನೆನಪುಗಳನ್ನು ಇಬ್ನ್ ಜುಝಯ್ ಎಂಬ ವಿದ್ವಾಂಸನಿಗೆ ಹೇಳಿ ಬರೆಸಿದ. 1355ರಲ್ಲಿ ಪುಸ್ತಕ ಮುಗಿಯಿತು. ನೆನಪಿನಿಂದ ಹೇಳಿದ್ದು, ಹಾಗಾಗಿ ಇತಿಹಾಸಕಾರರು ಅದನ್ನು ಬೇರೆ ದಾಖಲೆಗಳ ಜೊತೆ ಇಟ್ಟೇ ಓದ್ತಾರೆ. ಕೊನೆಗಾಲದಲ್ಲೂ ಮೊರೊಕ್ಕೋದಲ್ಲಿ ಅವನ ಕೆಲಸ ಖಾಝಿಯದ್ದೇ.

ಹಾಗಾದ್ರೆ ಈಗಿನ ಖಾಝಿ?

ಬ್ರಿಟಿಷರು 1864ರ ಕಾಯ್ದೆಯಿಂದ ಕೋರ್ಟುಗಳಲ್ಲಿ ಖಾಝಿಗಳ ಹುದ್ದೆ ತೆಗೆದರು. ಮದುವೆಯಂಥ ಕಾರ್ಯಗಳಿಗೆ ಖಾಝಿ ಬೇಕು ಅಂತ ಬೇಡಿಕೆ ಬಂದು 1880ರಲ್ಲಿ ಖಾಝಿ ಕಾಯ್ದೆ ಬಂತು, ಆದರೆ ಅದರಲ್ಲಿ ನ್ಯಾಯ ತೀರ್ಮಾನದ ಅಧಿಕಾರ ಇಲ್ಲ. ಹಾಗಾಗಿ ಇವತ್ತು ಹಬ್ಬದ ದಿನ ಹೇಳುವ ಖಾಝಿಯವರು ಸಮುದಾಯದ ಧಾರ್ಮಿಕ ಮುಖ್ಯಸ್ಥರು. ನೋಡಿದ್ರೆ, ಹಳೆ ಬಾರ್ಕೂರಿನ ಖಾಝಿಗೆ ಹತ್ತಿರ, ದಿಲ್ಲಿಯವನಿಗೆ ದೂರ.

ಇನ್ನು ನ್ಯಾಯಾಧೀಶರ ಆ ಹಳೆಯ ಸಂಕಟ? ನಮ್ಮ ಸಂವಿಧಾನದಲ್ಲಿ ಓದಲು ಬೇಸರ ಬರುವ ಕೆಲವು ಸಾಲುಗಳುಂಟು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಸಂಬಳ ಸಂಚಿತ ನಿಧಿಯಿಂದ ಹೋಗಬೇಕು, ಅದಕ್ಕೆ ಪ್ರತಿವರ್ಷ ಸಂಸತ್ತಿನ ಮತ ಬೇಕಾಗಿಲ್ಲ. ನೇಮಕವಾದ ಮೇಲೆ ಅವರಿಗೆ ನಷ್ಟವಾಗುವ ಹಾಗೆ ಸವಲತ್ತು ಕಡಿಮೆ ಮಾಡುವಂತಿಲ್ಲ. ತೆಗೆಯಬೇಕಾದ್ರೆ ಸಂಸತ್ತಿನ ಎರಡೂ ಸದನ ವಿಶೇಷ ಬಹುಮತದಿಂದ ಒಪ್ಪಬೇಕು. ಶಾಲೆಯಲ್ಲಿ ನಾವು ಇದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದವರು. ಅದು ಯಾಕೆ ಬೇಕು ಅಂತ ನನಗೆ ನಿಜವಾಗಿ ಹೊಳೆದದ್ದು ನಾಲ್ಕು ಕಾವಲುಗಾರರ ನಡುವೆ ಜಪ ಮಾಡ್ತಾ ಕೂತ ಆ ಖಾಝಿಯ ಕಥೆ ಓದಿದ ಮೇಲೆ.

ಆದರೆ ಸಂಬಳ, ಹುದ್ದೆ ಭದ್ರ ಮಾಡಿದರೆ ಅರ್ಧ ಕೆಲಸ ಆಯ್ತು. ಉಳಿದರ್ಧ ಶೇಖ್ ಶಿಹಾಬುದ್ದೀನ್ ಹೇಳಿದ್ದು. ಸಾಕ್ಷಿ ಹೇಳಿದವನು ಸಂಜೆ ಮನೆಗೆ ಕ್ಷೇಮವಾಗಿ ಬರಬೇಕು. ಆ ಭರವಸೆ ಇಲ್ಲದಿದ್ದರೆ ನ್ಯಾಯಾಧೀಶರ ಕೈಗೆ ಕತ್ತಿ ಕೊಟ್ಟೂ ಪ್ರಯೋಜನ ಇಲ್ಲ.

ಇವತ್ತಿಗೆ ಇಷ್ಟು. ಬಾರ್ಕೂರಿಗೆ ಹೋದ್ರೆ ಕತ್ತಲೆ ಬಸದಿ, ಕೋಟೆಯ ಜೊತೆಗೆ ಸೀತಾ ಹೊಳೆಯ ಬದಿಗೂ ಒಮ್ಮೆ ಹೋಗಿ ಬನ್ನಿ. ನಿಮ್ಮ ಪ್ರಶ್ನೆ ಇದ್ದರೆ ಕಳಿಸಿ.